ಮೀನು ಕಲಿತಿತೋ, ಹೆದರಿ ನಿಂತಿತೋ: ಜೀಬ್ರಾ ಮೀನುಗಳಲ್ಲಿ ತಪ್ಪಿಸಿಕೊಳ್ಳುವ ಕಲಿಕೆ ಮತ್ತು ಆತಂಕವನ್ನು ಅಳೆಯುವ ಸಮಗ್ರ ಮಾರ್ಗದರ್ಶಿ

ಜೀಬ್ರಾ ಮೀನಿಗೆ ಕಪ್ಪು ಕೋಣೆಯಲ್ಲಿ ಒಮ್ಮೆ ಸೌಮ್ಯವಾದ ಶಾಕ್ ಕೊಟ್ಟು, ಮರುದಿನ ಅದನ್ನು ಪಕ್ಕದ ಬಿಳಿ ಕೋಣೆಯಲ್ಲಿ ಬಿಟ್ಟಾಗ ಅದು ಕಪ್ಪು ಬದಿಗೆ ಹೋಗಲು ತಡಮಾಡಿದರೆ, ಅದಕ್ಕೆ ಹಿಂದಿನ ದಿನದ ನೆನಪಿದೆ ಎಂದು ಬರೆದುಕೊಳ್ಳುತ್ತೇವೆ. ಅದೇ ಮೀನಿಗೆ, ದೀಪ ಹೊತ್ತಿದ ಕೂಡಲೇ ತೊಟ್ಟಿಯ ಇನ್ನೊಂದು ಬದಿಗೆ ದಾಟಬೇಕೆಂದು ಕಲಿಸಲು ಹೊರಟಾಗ ಅದು ದಾಟದೆ ಉಳಿದರೆ, ಅದು ಕಲಿಯಲಿಲ್ಲ ಎಂದು ಬರೆದುಕೊಳ್ಳುತ್ತೇವೆ. ಎರಡೂ ಕಡೆ ಮೀನು ಮಾಡಿದ್ದು ಒಂದೇ ಆಗಿರಬಹುದು: ತಳಕ್ಕೆ ಇಳಿದು ಅಲುಗಾಡದೆ ನಿಂತದ್ದು. ಒಂದೇ ಸ್ತಬ್ಧತೆ ಮೊದಲನೆಯ ಪ್ರಯೋಗದಲ್ಲಿ ಇಲ್ಲದ ನೆನಪನ್ನು ತೋರಿಸುತ್ತದೆ, ಎರಡನೆಯದರಲ್ಲಿ ಇರುವ ಕಲಿಕೆಯನ್ನು ಮುಚ್ಚಿಡುತ್ತದೆ. ಈ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ, ಕೆಳಗಿನ ಹಂತಗಳನ್ನು ಈ ಎರಡು ತಪ್ಪುಗಳನ್ನು ತಡೆಯುವ ಕ್ರಮದಲ್ಲಿಯೇ ಜೋಡಿಸಲಾಗಿದೆ. ದಯವಿಟ್ಟು ಕ್ರಮವನ್ನು ಬದಲಿಸಬೇಡಿ.

ಬೇಕಾಗುವ ಸಲಕರಣೆಗಳು

ಅಪರಿಚಿತ ತೊಟ್ಟಿಯಲ್ಲಿ ಮೀನಿನ ಆತಂಕವನ್ನು ಅಳೆಯುವ ಹೊಸ ತೊಟ್ಟಿ ಪರೀಕ್ಷೆಗೆ ಸುಮಾರು 1.5 ಲೀಟರ್ ನೀರು ಹಿಡಿಯುವ, ಕಿರಿದಾದ ಮತ್ತು ಎತ್ತರದ ಪಾರದರ್ಶಕ ತೊಟ್ಟಿ ಬೇಕು. ಶಾಕ್ ಪ್ರಯೋಗಕ್ಕೆ ಎರಡು ಸಮಾನ ಕೋಣೆಗಳಿರುವ, ನಡುವೆ ಮೇಲಕ್ಕೆತ್ತುವ ಬಾಗಿಲಿರುವ ತೊಟ್ಟಿ ಬೇಕು. ತುಕ್ಕು ಹಿಡಿಯದ ಉಕ್ಕಿನ ಜಾಲರಿಯ ಎಲೆಕ್ಟ್ರೋಡ್‌ಗಳು, ಅವಧಿಯನ್ನೂ ಮಟ್ಟವನ್ನೂ ನಿಖರವಾಗಿ ಹೊಂದಿಸಬಹುದಾದ, ಶಾಕ್ ಕೊಡುವ ಸ್ಟಿಮ್ಯುಲೇಟರ್, ನೀರಿನ ವಿದ್ಯುತ್ ವಾಹಕತೆ ಅಳೆಯುವ ಮೀಟರ್, ಥರ್ಮಾಮೀಟರ್, ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೊಸ್ಕೋಪ್ ಮತ್ತು ಸೆಕೆಂಡಿಗೆ ಕನಿಷ್ಠ 30 ಚೌಕಟ್ಟುಗಳನ್ನು ದಾಖಲಿಸುವ ಕ್ಯಾಮೆರಾ ಇರಲಿ. ಚಲನೆಯನ್ನು ಗುರುತಿಸುವ ಸಾಫ್ಟ್‌ವೇರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ, ಯಾವ ಮೀನು ಯಾವ ಗುಂಪಿನದೆಂದು ತಿಳಿಯದ ಇಬ್ಬರು ವಿಡಿಯೊ ನೋಡಿ ಗುರುತು ಹಾಕಿದರೂ ಕೆಲಸ ನಡೆಯುತ್ತದೆ.

ಹಂತ 1: ನಿಯಮಗಳನ್ನು ಮೊದಲೇ ಬರೆದಿಡಿ

ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವ ಮುನ್ನ ಒಂದು ಮೀನಿಗೂ ಶಾಕ್ ಕೊಡಬಾರದು. ಅರ್ಜಿ ಬರೆಯುವಾಗಲೇ ಮೂರು ಸಂಗತಿಗಳನ್ನು ನಿಶ್ಚಯಿಸಿಕೊಳ್ಳಿ: ಯಾವ ಮೀನನ್ನು ಪ್ರಯೋಗದಿಂದ ಕೈಬಿಡುತ್ತೀರಿ, ಗರಿಷ್ಠ ಎಷ್ಟು ಹೊತ್ತು ಕಾಯುತ್ತೀರಿ, ಸ್ತಬ್ಧತೆ ಎಂದು ಯಾವುದನ್ನು ಕರೆಯುತ್ತೀರಿ. ಕಣ್ಣು ಮತ್ತು ಕಿವಿರು ಮುಚ್ಚಳ ಮಾತ್ರ ಚಲಿಸುತ್ತ, ಉಳಿದ ದೇಹ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಶ್ಚಲವಾಗಿರುವುದು ಸ್ತಬ್ಧತೆ ಎಂಬ ವ್ಯಾಖ್ಯೆ ಬಳಕೆಗೆ ಅನುಕೂಲವಾಗಿದೆ. ಫಲಿತಾಂಶ ನೋಡಿದ ಮೇಲೆ ಈ ಮೂರರಲ್ಲಿ ಒಂದನ್ನು ಸಡಿಲಿಸಿದರೂ ಪ್ರಯೋಗಕ್ಕೆ ಬೆಲೆ ಉಳಿಯುವುದಿಲ್ಲ.

ಹಂತ 2: ಮೀನುಗಳನ್ನು ಒಗ್ಗಿಸಿ

ನೀರಿನ ಉಷ್ಣತೆ 26ರಿಂದ 28.5 ಡಿಗ್ರಿ ಸೆಲ್ಸಿಯಸ್, ದಿನಕ್ಕೆ 14 ಗಂಟೆ ಬೆಳಕು, 10 ಗಂಟೆ ಕತ್ತಲು ಎಂಬುದು ಜೀಬ್ರಾ ಮೀನುಗಳ ಸಾಮಾನ್ಯ ವ್ಯವಸ್ಥೆ. ಹೊರಗಿನಿಂದ ತಂದ ಮೀನುಗಳನ್ನು ಎರಡು ವಾರವಾದರೂ ಹಾಗೆಯೇ ಬಿಡಿ. ಪರೀಕ್ಷೆಯ ದಿನ ಅವುಗಳನ್ನು ಕನಿಷ್ಠ ಒಂದು ಗಂಟೆ ಮೊದಲೇ ಪ್ರಯೋಗದ ಕೋಣೆಗೆ ತಂದಿಡಿ. ಪ್ರತಿದಿನವೂ ಒಂದೇ ಹೊತ್ತಿನಲ್ಲಿ ಪರೀಕ್ಷಿಸಿ. ಗಂಡು ಹೆಣ್ಣುಗಳನ್ನೂ ತಳಿಯನ್ನೂ ದಾಖಲಿಸಿಕೊಳ್ಳಿ, ಏಕೆಂದರೆ ಆತಂಕದ ಮಟ್ಟ ತಳಿಯಿಂದ ತಳಿಗೆ ಬದಲಾಗುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ಬಲೆಯದ್ದು. ಮೀನನ್ನು ತೊಟ್ಟಿಯ ಮೂಲೆಯಿಂದ ಮೂಲೆಗೆ ಅಟ್ಟಿಸಿ ಹಿಡಿದರೆ, ಪರೀಕ್ಷೆ ಆರಂಭವಾಗುವ ಮೊದಲೇ ಅದರ ದೇಹದಲ್ಲಿ ಕಾರ್ಟಿಸೋಲ್ ಏರತೊಡಗುತ್ತದೆ. ಮನುಷ್ಯರಲ್ಲಿ ಇರುವಂತೆ ಈ ಮೀನುಗಳಲ್ಲಿಯೂ ಒತ್ತಡದ ಮುಖ್ಯ ಹಾರ್ಮೋನು ಕಾರ್ಟಿಸೋಲ್. ಒತ್ತಡ ತಗುಲಿದ ಸುಮಾರು ಕಾಲು ಗಂಟೆಗೆ ಅದು ತುತ್ತತುದಿ ಮುಟ್ಟಿ, ಆಮೇಲೆ ಇಳಿಯುತ್ತ ಹೋಗುತ್ತದೆ. ಹತ್ತು ಸೆಕೆಂಡಿನಲ್ಲಿ ಸಿಕ್ಕಿದ ಮೀನನ್ನೂ ಎರಡು ನಿಮಿಷ ಅಟ್ಟಿಸಿಕೊಂಡ ಮೀನನ್ನೂ ಒಂದೇ ಗುಂಪಿನಲ್ಲಿ ಸೇರಿಸಿದರೆ ನೀವು ಅಳೆಯುವುದು ನಿಮ್ಮ ಬಲೆಯನ್ನೇ ಹೊರತು ಮೀನನ್ನಲ್ಲ. ಮೀನನ್ನು ಸಣ್ಣ ಬೀಕರಿನಲ್ಲಿ ನೀರಿನ ಸಮೇತ ಎತ್ತುವುದನ್ನು ರೂಢಿಸಿಕೊಳ್ಳಿ. ಹಿಡಿಯಲು ತಗಲಿದ ಸಮಯವನ್ನೂ ಬರೆದಿಡಿ.

ಇನ್ನೊಂದು ತೊಂದರೆ ಗುರುತಿನದು. 24 ಗಂಟೆಗಳ ನಂತರ ಅದೇ ಮೀನನ್ನು ಪರೀಕ್ಷಿಸಬೇಕಾದರೆ ಅದು ಯಾವುದೆಂದು ತಿಳಿಯಬೇಕು. ಹಾಗೆಂದು ಗುಂಪಿನಲ್ಲಿ ಬಾಳುವ ಈ ಮೀನನ್ನು ಒಂಟಿಯಾಗಿಟ್ಟರೆ ಅದರ ವರ್ತನೆಯೇ ಬದಲಾಗಬಹುದು. ಒಂದು ಗಂಡು, ಒಂದು ಹೆಣ್ಣನ್ನು ಜೋಡಿಯಾಗಿ ಇಡುವುದು ಅಥವಾ ಪಾರದರ್ಶಕ ತಡೆಯ ಆಚೆ ಸಂಗಾತಿಗಳು ಕಾಣುವಂತೆ ಇಡುವುದು ನನಗೆ ಸರಿಯೆನಿಸಿದ ದಾರಿ.

ಹಂತ 3: ಶಾಕನ್ನು ನೀರಿನೊಳಗೆ ಅಳೆಯಿರಿ

ಉಪಕರಣದ ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ. ಮೀನಿಗೆ ತಗಲುವ ಶಾಕ್ ಎಲೆಕ್ಟ್ರೋಡ್‌ಗಳ ನಡುವಿನ ಅಂತರ, ನೀರಿನ ಆಳ, ಉಷ್ಣತೆ ಮತ್ತು ವಾಹಕತೆ ಈ ನಾಲ್ಕನ್ನೂ ಅವಲಂಬಿಸಿದೆ. ಒಮ್ಮೆ ನಮ್ಮ ಎರಡನೆಯ ವಾರದ ಮೀನುಗಳೆಲ್ಲ ಮೊದಲ ವಾರದವುಗಳಿಗಿಂತ ಚೆನ್ನಾಗಿ ಕಲಿತಂತೆ ಕಂಡವು. ಕಾರಣ ಹುಡುಕುತ್ತ ಹೋದಾಗ, ನಡುವೆ ನೀರು ಬದಲಿಸಿದವರು ಉಪ್ಪಿನ ಪ್ರಮಾಣವನ್ನು ಹೆಚ್ಚಿಸಿದ್ದು ತಿಳಿಯಿತು. ಗುಂಡಿ ಅಲ್ಲಿಯೇ ಇತ್ತು, ಶಾಕ್ ಬೇರೆಯಾಗಿತ್ತು. ಎರಡು ವಾರದ ದತ್ತಾಂಶವನ್ನೂ ಬಿಡಬೇಕಾಯಿತು. ಅಂದಿನಿಂದ ಪ್ರತಿ ಬೆಳಿಗ್ಗೆ ಮೊದಲ ಮೀನಿಗೆ ಮುನ್ನ ವಾಹಕತೆಯನ್ನೂ ಉಷ್ಣತೆಯನ್ನೂ ಬರೆಯದೆ ನಾನು ಕೆಲಸ ಆರಂಭಿಸಿಲ್ಲ.

ಅಳೆಯುವ ಕ್ರಮ ಹೀಗಿದೆ. ಮೊದಲು ತೊಟ್ಟಿಯಲ್ಲಿ ಪ್ರಯೋಗದ ಆಳಕ್ಕೇ ನೀರು ತುಂಬಿಸಿ. ಮೀನಿಲ್ಲದ ನೀರಿನಲ್ಲಿ ಒಂದು ಸೆಂಟಿಮೀಟರ್ ಅಂತರದ ಎರಡು ಮೊನೆಗಳನ್ನು ಇಳಿಸಿ, ಶಾಕ್ ಹರಿಯುವಾಗ ಅವುಗಳ ನಡುವಿನ ವೋಲ್ಟೇಜನ್ನು ಆಸಿಲೊಸ್ಕೋಪಿನಲ್ಲಿ ನೋಡಿ. ಮಧ್ಯದಲ್ಲಿ, ಎರಡು ತುದಿಗಳಲ್ಲಿ, ಬಾಗಿಲ ಬಳಿ ಹೀಗೆ ಹಲವು ಕಡೆ ಅಳೆದು ನಕ್ಷೆ ಮಾಡಿ. ಎಲೆಕ್ಟ್ರೋಡಿನ ಹತ್ತಿರ ಬಲ ಹೆಚ್ಚು, ಮೂಲೆಯಲ್ಲಿ ಕಡಿಮೆ ಎಂದು ಕಂಡರೆ ಜಾಲರಿಯನ್ನು ಗೋಡೆಯ ಪೂರ್ತಿ ಅಗಲಕ್ಕೆ ಹಬ್ಬಿಸಿ. ಹಾಗೆ ಮಾಡದಿದ್ದರೆ ಮೀನು ಶಾಕ್ ತಗಲದ ಮೂಲೆಯನ್ನು ಹುಡುಕಿಕೊಂಡು ಅಲ್ಲಿಯೇ ನಿಲ್ಲುವುದನ್ನು ಕಲಿಯುತ್ತದೆ.

ಮೀನು ನಿಂತ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಸೆಂಟಿಮೀಟರಿಗೆ 1 ವೋಲ್ಟ್ ಇರುವ ನೀರಿನಲ್ಲಿ 3 ಸೆಂಟಿಮೀಟರ್ ಉದ್ದದ ಮೀನು ಎಲೆಕ್ಟ್ರೋಡ್‌ಗಳ ಕಡೆ ಮುಖಮಾಡಿ ನಿಂತಿದ್ದರೆ ಅದರ ತಲೆಗೂ ಬಾಲಕ್ಕೂ ನಡುವೆ ಸುಮಾರು 3 ವೋಲ್ಟ್ ಬೀಳುತ್ತದೆ. ಅಡ್ಡಲಾಗಿ ನಿಂತಿದ್ದರೆ ದೇಹದ ದಪ್ಪಕ್ಕೆ ತಕ್ಕಷ್ಟು, ಅಂದರೆ ಅರ್ಧ ವೋಲ್ಟಿನ ಆಸುಪಾಸು ಮಾತ್ರ. ಒಂದೇ ಒಂದು ಕ್ಷಣಿಕ ಶಾಕ್ ಕೊಟ್ಟರೆ ಮೀನು ಮೀನಿಗೆ ಈ ವ್ಯತ್ಯಾಸ ಉಳಿದುಬಿಡುತ್ತದೆ. ಬಿಡಿ ಬಿಡಿಯಾದ ಚಿಕ್ಕ ಮಿಡಿತಗಳಾಗಿ ಕೊಟ್ಟರೆ ಮೀನು ನಡುನಡುವೆ ತಿರುಗುವುದರಿಂದ ಸರಾಸರಿ ಸಮನಾಗುತ್ತದೆ.

ಏಕಮುಖ ವಿದ್ಯುತ್ತನ್ನು (ಡಿಸಿ) ಆದಷ್ಟು ಬಿಟ್ಟುಬಿಡಿ. ಅದು ಎಲೆಕ್ಟ್ರೋಡ್‌ಗಳಲ್ಲಿ ಗುಳ್ಳೆ ಎಬ್ಬಿಸಿ ನೀರಿನ ರಸಾಯನವನ್ನು ಕೆಡಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಏಕಮುಖ ವಿದ್ಯುತ್ತಿನಲ್ಲಿ ಮೀನು ತಾನಾಗಿಯೇ ಧನ ಎಲೆಕ್ಟ್ರೋಡಿನ ಕಡೆ ಎಳೆದಂತೆ ಈಜುತ್ತದೆ. ಇದನ್ನು ಪಾರಾಗುವ ವರ್ತನೆ ಎಂದು ಎಣಿಸಿದರೆ ಇಡೀ ಪ್ರಯೋಗವೇ ಸುಳ್ಳಾಗುತ್ತದೆ. ಪರ್ಯಾಯ ವಿದ್ಯುತ್ತು (ಎಸಿ) ಬಳಸಿ.

ಮಟ್ಟವನ್ನು ನಿರ್ಧರಿಸಲು, ಮುಖ್ಯ ಪ್ರಯೋಗಕ್ಕೆ ಬಳಸದ ನಾಲ್ಕಾರು ಮೀನುಗಳ ಮೇಲೆ ಅತ್ಯಂತ ಕೆಳಗಿನ ಮಟ್ಟದಿಂದ ಆರಂಭಿಸಿ ಮೇಲಕ್ಕೆ ಹೋಗಿ. ಹೆಚ್ಚಿನ ಮೀನುಗಳು ತಟ್ಟನೆ ಬೆಚ್ಚಿ ಮುಂದಕ್ಕೆ ಚಿಮ್ಮುವ, ಆದರೆ ಯಾವುದೂ ಸಮತೋಲ ತಪ್ಪದ ಅತಿ ಸೌಮ್ಯ ಮಟ್ಟವೇ ನಿಮ್ಮ ಮಟ್ಟ. ಪ್ರಕಟವಾದ ಲೇಖನದ ವೋಲ್ಟೇಜನ್ನು ಹಾಗೆಯೇ ಎತ್ತಿಕೊಳ್ಳುವುದು ಅಪಾಯಕಾರಿ, ಏಕೆಂದರೆ ಅವರ ನೀರು ನಿಮ್ಮ ನೀರಲ್ಲ.

ಹಂತ 4: ಶಾಕ್‌ಗೆ ಮುನ್ನ ಆತಂಕದ ಮಟ್ಟ ತಿಳಿಯಿರಿ

ಹೊಸ ತೊಟ್ಟಿ ಪರೀಕ್ಷೆ ಸರಳವಾದದ್ದು. ಅಪರಿಚಿತ ತೊಟ್ಟಿಗೆ ಬಿಟ್ಟ ಮೀನು ಮೊದಲು ತಳಕ್ಕೆ ಧುಮುಕಿ, ನಿಮಿಷಗಳು ಕಳೆದಂತೆ ಮೆಲ್ಲನೆ ಮೇಲಕ್ಕೆ ಬಂದು ಸುತ್ತಲೂ ಅನ್ವೇಷಿಸುತ್ತದೆ. ಆರು ನಿಮಿಷ ದಾಖಲಿಸಿ, ಮೇಲಿನ ಅರ್ಧಕ್ಕೆ ಮೊದಲ ಬಾರಿ ಬರಲು ಹಿಡಿದ ಸಮಯ, ಅಲ್ಲಿ ಕಳೆದ ಒಟ್ಟು ಸಮಯ, ದಿಕ್ಕುಗೆಟ್ಟ ಈಜಿನ ಸರತಿಗಳು ಮತ್ತು ಸ್ತಬ್ಧತೆಯ ಅವಧಿಯನ್ನು ನಿಮಿಷವಾರು ಬರೆದುಕೊಳ್ಳಿ. ಆರು ನಿಮಿಷದ ಒಟ್ಟು ಮೊತ್ತವನ್ನು ಮಾತ್ರ ನೋಡಿದರೆ ಮೀನು ಹಂತ ಹಂತವಾಗಿ ಧೈರ್ಯ ತಂದುಕೊಂಡದ್ದು ಕಾಣುವುದಿಲ್ಲ.

ತಳದಲ್ಲಿ ಸರಾಗವಾಗಿ ಈಜುತ್ತಿರುವ ಮೀನನ್ನೂ ತಳದಲ್ಲಿ ಕಲ್ಲಿನಂತೆ ನಿಂತ ಮೀನನ್ನೂ ಒಂದೇ ಎಂದು ಎಣಿಸಬೇಡಿ. ಎರಡಕ್ಕೂ ಮೇಲಿನ ಅರ್ಧದಲ್ಲಿ ಕಳೆದ ಸಮಯ ಸೊನ್ನೆ. ಆದರೆ ಎರಡನೆಯ ಮೀನೇ ಮುಂದಿನ ಹಂತಗಳಲ್ಲಿ ನಿಮ್ಮನ್ನು ದಾರಿ ತಪ್ಪಿಸುವುದು.

ಪ್ರತಿ ಮೀನಿಗೂ ನೀರು ಬದಲಿಸಿ, ತೊಟ್ಟಿಯನ್ನು ತೊಳೆಯಿರಿ. ಈ ಮೀನುಗಳ ಚರ್ಮಕ್ಕೆ ಗಾಯವಾದಾಗ ಹೊರಬರುವ ರಾಸಾಯನಿಕವು ಉಳಿದ ಮೀನುಗಳಿಗೆ ಅಪಾಯದ ಸೂಚನೆಯಾಗುತ್ತದೆ. ಬಲೆಗೆ ಉಜ್ಜಿ ಹುರುಪೆ ಕಿತ್ತ ಒಂದೇ ಮೀನು ಅದೇ ನೀರಿಗೆ ಬರುವ ಮುಂದಿನ ಮೀನುಗಳನ್ನು ಬೆದರಿಸಬಲ್ಲದು. ತೊಟ್ಟಿ ಒಂದು ಮೀನಿಗೆ ಹೊಸತಾಗಿರುವುದು ಒಮ್ಮೆ ಮಾತ್ರ ಎಂಬುದನ್ನೂ ಮರೆಯಬೇಡಿ. ಶಾಕ್‌ನ ನಂತರ ಅದೇ ಮೀನನ್ನು ಅದೇ ತೊಟ್ಟಿಯಲ್ಲಿ ಮತ್ತೆ ಅಳೆದು ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿಲ್ಲ. ಅದಕ್ಕೆ ಬೇರೆ ಮೀನುಗಳ ಗುಂಪು ಬೇಕು.

ಹಂತ 5: ನಿಷ್ಕ್ರಿಯ ತಪ್ಪಿಸಿಕೊಳ್ಳುವಿಕೆ (ದಾಟದೆ ಉಳಿದು ಶಾಕ್ ತಪ್ಪಿಸಿಕೊಳ್ಳುವುದು)

ಬೆಳೆದ ಜೀಬ್ರಾ ಮೀನು ಬಿಳಿ ಬದಿಗಿಂತ ಕಪ್ಪು ಬದಿಯನ್ನು ಇಷ್ಟಪಡುತ್ತದೆ ಎಂಬುದರ ಮೇಲೆ ಈ ಪ್ರಯೋಗ ನಿಂತಿದೆ. ಮೊದಲ ವಾರದ ಮರಿಗಳಲ್ಲಿ ಈ ಒಲವು ತಿರುವುಮುರುವಾಗಿದ್ದು, ಅವು ಕತ್ತಲೆಯಿಂದಲೇ ದೂರವಿರುತ್ತವೆ. ಆದ್ದರಿಂದ ಇದೇ ವಿನ್ಯಾಸವನ್ನು ಮರಿಗಳಿಗೆ ಬಳಸಬೇಡಿ.

1. ಸುಮಾರು 18 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ 3 ಸೆಂಟಿಮೀಟರ್ ನೀರಿರಲಿ. ಮೀನನ್ನು ಬಿಳಿ ಬದಿಗೆ ಬಿಟ್ಟು, ಬಾಗಿಲು ಮುಚ್ಚಿ ಒಂದು ನಿಮಿಷ ಕಾಯಿರಿ.

2. ಬಾಗಿಲನ್ನು ಸದ್ದಿಲ್ಲದೆ ಒಂದು ಸೆಂಟಿಮೀಟರ್ ಎತ್ತಿ. ಮೀನಿನ ದೇಹ ಪೂರ್ತಿಯಾಗಿ ಕಪ್ಪು ಬದಿಗೆ ದಾಟುವವರೆಗಿನ ಸಮಯವನ್ನು ದಾಖಲಿಸಿ.

3. ದಾಟಿದ ಕೂಡಲೇ ಬಾಗಿಲು ಇಳಿಸಿ, ಹಂತ 3ರಲ್ಲಿ ನಿರ್ಧರಿಸಿದ ಮಟ್ಟದ ಶಾಕನ್ನು 5 ಸೆಕೆಂಡು ಕೊಡಿ. ಮೀನನ್ನು ಬೀಕರಿನಲ್ಲಿ ಎತ್ತಿ ಅದರ ತೊಟ್ಟಿಗೆ ಮರಳಿಸಿ.

4. 24 ಗಂಟೆಗಳ ನಂತರ ಶಾಕ್ ಇಲ್ಲದೆ ಮೊದಲ ಎರಡು ಕೆಲಸಗಳನ್ನು ಪುನಃ ಮಾಡಿ. ಮೊದಲೇ ಗೊತ್ತುಪಡಿಸಿದ ಗರಿಷ್ಠ ಕಾಲ, ಉದಾಹರಣೆಗೆ 180 ಸೆಕೆಂಡು, ಮುಗಿದರೆ ನಿಲ್ಲಿಸಿ.

ತರಬೇತಿಯ ದಿನವೇ ಬಾಗಿಲು ತೆರೆದ ಮೇಲೂ ಒಳಗೆ ಹೋಗದ ಮೀನುಗಳನ್ನು ಕೈಬಿಡಬೇಕು. ಅವುಗಳನ್ನು ಕಡ್ಡಿಯಿಂದ ದೂಡಿ ಒಳಗೆ ಕಳಿಸುವವರಿದ್ದಾರೆ. ಹಾಗೆ ದೂಡಿಸಿಕೊಂಡ ಮೀನು ಶಾಕನ್ನು ಕಪ್ಪು ಕೋಣೆಗೆ ಜೋಡಿಸಿಕೊಂಡಿತೋ ಕಡ್ಡಿಗೆ ಜೋಡಿಸಿಕೊಂಡಿತೋ ಹೇಳಲಾಗುವುದಿಲ್ಲ.

ಎರಡನೆಯ ದಿನದ ವಿಡಿಯೊವನ್ನು ಹತ್ತಿರದಿಂದ ನೋಡಿ. ನೆನಪಿರುವ ಮೀನು ಬಿಳಿ ಬದಿಯಲ್ಲಿ ಸುತ್ತಾಡುತ್ತದೆ, ಬಾಗಿಲ ಕೆಳಗಿನ ಸಂದಿಯ ಬಳಿ ಬರುತ್ತದೆ, ಮೂತಿಯನ್ನು ಅರ್ಧ ಒಳಗಿಟ್ಟು ಎದೆಯ ಈಜುರೆಕ್ಕೆಗಳನ್ನು ಹಿಂದುಮುಂದಾಗಿ ಬಡಿಯುತ್ತ ಅಲ್ಲಿಯೇ ತೂಗಾಡಿ, ಥಟ್ಟನೆ ತಿರುಗಿ ಹಿಂದಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬರುತ್ತದೆ. ಈ ಬಂದು ಹಿಂತಿರುಗುವಿಕೆಯನ್ನು ಎಣಿಸಿ. ಬರೀ ಹೆದರಿದ ಮೀನು ದೂರದ ಮೂಲೆಯಲ್ಲಿ ತಳಕ್ಕಂಟಿ ನಿಂತಿರುತ್ತದೆ, ಬಾಗಿಲು ತೆರೆದದ್ದೂ ಅದಕ್ಕೆ ಲೆಕ್ಕಕ್ಕಿಲ್ಲ. ಗಡಿಯಾರದಲ್ಲಿ ಇಬ್ಬರದೂ 180 ಸೆಕೆಂಡು. ಆದ್ದರಿಂದ ಪ್ರತಿ ಮೀನಿಗೂ ತಡವಾದ ಅವಧಿಯೊಳಗೆ ಸ್ತಬ್ಧವಾಗಿ ಕಳೆದದ್ದು ಎಷ್ಟು, ಈಜುತ್ತ ಕಳೆದದ್ದು ಎಷ್ಟು ಎಂದು ಬೇರ್ಪಡಿಸಿ ಬರೆಯಿರಿ. ನನ್ನ ಅಭಿಪ್ರಾಯದಲ್ಲಿ ಈ ವಿಭಜನೆ ಇಲ್ಲದ ತಡದ ಅಂಕಿಯನ್ನು ನೆನಪಿನ ಅಂಕಿ ಎಂದು ಪ್ರಕಟಿಸಬಾರದು.

ಅದೇ ಮೀನನ್ನು 24, 48, 72 ಗಂಟೆಗಳಲ್ಲಿ ಸಾಲಾಗಿ ಪರೀಕ್ಷಿಸುವುದೂ ಸರಿಯಲ್ಲ. ಶಾಕ್ ಇಲ್ಲದ ಪ್ರತಿ ಪರೀಕ್ಷೆಯೂ ಕಪ್ಪು ಕೋಣೆ ಈಗ ಅಪಾಯವಲ್ಲ ಎಂದು ಕಲಿಸುತ್ತದೆ. ಮರೆವನ್ನು ಅಳೆಯಬೇಕಾದರೆ ಪ್ರತಿ ಅವಧಿಗೂ ಬೇರೆ ಗುಂಪು ಇರಲಿ.

ಹಂತ 6: ಸಕ್ರಿಯ ತಪ್ಪಿಸಿಕೊಳ್ಳುವಿಕೆ (ದಾಟಿ ಶಾಕ್ ತಪ್ಪಿಸಿಕೊಳ್ಳುವುದು)

ಇಲ್ಲಿ ದೀಪ ಸೂಚನೆ, ಶಾಕ್ ಶಿಕ್ಷೆ. ಮೀನಿರುವ ಬದಿಯಲ್ಲಿ ದೀಪ ಹೊತ್ತಿಸಿ ಸುಮಾರು 10 ಸೆಕೆಂಡು ಕಾಯಿರಿ. ಅಷ್ಟರಲ್ಲಿ ದಾಟಿದರೆ ದೀಪ ಆರುತ್ತದೆ, ಶಾಕ್ ಇಲ್ಲ: ಇದು ತಪ್ಪಿಸಿಕೊಂಡದ್ದು. ದಾಟದಿದ್ದರೆ ಮಿಡಿತಗಳ ಶಾಕ್ ಆರಂಭವಾಗಿ, ದಾಟಿದ ಕ್ಷಣ ನಿಲ್ಲುತ್ತದೆ: ಇದು ಪಾರಾದದ್ದು. ಗರಿಷ್ಠ ಅವಧಿ ಮುಗಿದರೂ ದಾಟದಿದ್ದರೆ ಅದು ವಿಫಲ ಸುತ್ತು. ಸುತ್ತುಗಳ ನಡುವಿನ ಬಿಡುವು ಒಂದೇ ಸಮ ಇರಬಾರದು, ಇಲ್ಲದಿದ್ದರೆ ಮೀನು ದೀಪವನ್ನು ಬಿಟ್ಟು ಹೊತ್ತನ್ನೇ ಕಲಿಯಬಹುದು.

ತರಬೇತಿಗೆ ಮುನ್ನ ಎರಡು ಪರೀಕ್ಷೆಗಳನ್ನು ಮಾಡದೆ ಮುಂದೆ ಹೋಗಬೇಡಿ. ಮೊದಲನೆಯದು, ಶಾಕ್ ಇಲ್ಲದೆ ದೀಪವನ್ನು ಮಾತ್ರ ಹತ್ತು ಸುತ್ತು ಹೊತ್ತಿಸಿ ನೋಡುವುದು. ಬೆಳಕೇ ಬೆಳೆದ ಮೀನಿಗೆ ಹಿತವಾಗದಿರಬಹುದಾದ್ದರಿಂದ, ದೀಪ ಪ್ರಖರವಾಗಿದ್ದರೆ ಅದು ಏನನ್ನೂ ಕಲಿಯದೆಯೂ ನೆರಳಿನ ಬದಿಗೆ ದಾಟಬಹುದು. ಹಾಗಾದರೆ ದೀಪವನ್ನು ಮಂದಗೊಳಿಸಿ.

ಎರಡನೆಯದು, ಸೂಚನೆಯೇ ಇಲ್ಲದಾಗ ಮೀನು ತಾನಾಗಿ ಎಷ್ಟು ಬಾರಿ ದಾಟುತ್ತದೆ ಎಂದು ಎಣಿಸುವುದು. ಈ ಲೆಕ್ಕವನ್ನು ಕೈಬಿಡುವವರೇ ಹೆಚ್ಚು. ಒಂದು ಮೀನು ನಿಮಿಷಕ್ಕೆ 3 ಬಾರಿ ಯಾದೃಚ್ಛಿಕವಾಗಿ ದಾಟುತ್ತದೆ ಎಂದುಕೊಳ್ಳಿ. 10 ಸೆಕೆಂಡಿಗೆ ಸರಾಸರಿ ಅರ್ಧ ದಾಟುವಿಕೆ. ಅಂದರೆ ನೂರಕ್ಕೆ ಸುಮಾರು 39 ಸುತ್ತುಗಳಲ್ಲಿ ಅದು ದೀಪದ ಅವಧಿಯಲ್ಲಿ ಒಮ್ಮೆಯಾದರೂ ಆಕಸ್ಮಿಕವಾಗಿ ದಾಟಿರುತ್ತದೆ. ಶಾಕ್‌ನಿಂದ ಕಳವಳಗೊಂಡ ಮೀನು ಇನ್ನೂ ಹೆಚ್ಚು ಓಡಾಡಿದರೆ ಈ ಅಂಕಿ ಮತ್ತಷ್ಟು ಏರುತ್ತದೆ, ಗ್ರಾಫು ಕಲಿಕೆಯ ಗ್ರಾಫಿನಂತೆಯೇ ಕಾಣುತ್ತದೆ. ಪ್ರತಿ ದಿನವೂ ಬಿಡುವಿನ ದಾಟುವಿಕೆಯನ್ನು ಎಣಿಸಿ, ಅದರಿಂದ ಬರುವ ಆಕಸ್ಮಿಕ ನಿರೀಕ್ಷೆಗಿಂತ ಎಷ್ಟು ಮೇಲಿದೆ ಎಂಬುದನ್ನೇ ಕಲಿಕೆಯ ಅಳತೆಯಾಗಿ ತೆಗೆದುಕೊಳ್ಳಿ.

ದಾಟದೆ ನಿಂತ ಮೀನಿನ ವಿಷಯಕ್ಕೆ ಬಂದರೆ, ಅದು ಕಲಿತಿಲ್ಲ ಎಂದು ಆತುರಪಡಬೇಡಿ. ಮೆದುಳಿನ ಹಬೆನ್ಯುಲಾ ಭಾಗದ ಕೆಲವು ನರಕೋಶಗಳನ್ನು ನಿಷ್ಕ್ರಿಯಗೊಳಿಸಿದ ಜೀಬ್ರಾ ಮೀನುಗಳು, ಶಾಕ್ ಜೊತೆ ಜೋಡಿಸಿದ ಸೂಚನೆ ಕಂಡಾಗ ಓಡುವ ಬದಲು ಸ್ತಬ್ಧವಾಗುತ್ತವೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅವು ಸೂಚನೆಯನ್ನು ಕಲಿತಿದ್ದವು, ಉತ್ತರಿಸಿದ ಬಗೆ ಮಾತ್ರ ಬೇರೆ. ಆದ್ದರಿಂದ ದೀಪ ಹೊತ್ತುವ ಮೊದಲಿನ 10 ಸೆಕೆಂಡು ಮತ್ತು ನಂತರದ 10 ಸೆಕೆಂಡುಗಳ ಸ್ತಬ್ಧತೆಯನ್ನು ಹೋಲಿಸಿ. ದೀಪಕ್ಕೆ ಮೊದಲು ಈಜುತ್ತಿದ್ದ ಮೀನು ದೀಪ ಕಂಡೊಡನೆ ನಿಂತರೆ ಅದಕ್ಕೆ ಸೂಚನೆ ತಿಳಿದಿದೆ ಎನ್ನಬಹುದು. ದೀಪವಿರಲಿ ಬಿಡಲಿ ಸದಾ ನಿಂತೇ ಇದ್ದರೆ ಅದು ಒಟ್ಟಾರೆ ಆತಂಕ ಅಥವಾ ಬಳಲಿಕೆ, ಶಾಕ್‌ನ ಮಟ್ಟ ಹೆಚ್ಚಾಗಿದೆ ಎಂಬುದರ ಸೂಚನೆಯೂ ಹೌದು.

ಹಂತ 7: ನಿಯಂತ್ರಣ ಗುಂಪುಗಳು

ಕನಿಷ್ಠ ಮೂರು ಗುಂಪುಗಳು ಬೇಕು: ಎಲ್ಲ ಕ್ರಮವೂ ನಡೆದು ಶಾಕ್ ಮಾತ್ರ ಸಿಗದ ಗುಂಪು, ದೀಪವೂ ಶಾಕೂ ಅಷ್ಟೇ ಸಂಖ್ಯೆಯಲ್ಲಿ ಸಿಕ್ಕರೂ ಒಂದಕ್ಕೊಂದು ಜೋಡಿಯಾಗದ ಗುಂಪು, ಮತ್ತು ಜೊತೆಗಾರ ಗುಂಪು. ಜೊತೆಗಾರ ಮೀನಿಗೆ ತರಬೇತಿಯ ಮೀನಿಗೆ ಸಿಕ್ಕಷ್ಟೇ ಶಾಕ್ ಅದೇ ಕ್ಷಣದಲ್ಲಿ ಸಿಗುತ್ತದೆ, ಆದರೆ ಅದು ದಾಟಿದರೂ ದಾಟದಿದ್ದರೂ ಶಾಕ್ ನಿಲ್ಲುವುದಿಲ್ಲ. ತರಬೇತಿಯ ಗುಂಪು ಜೋಡಿಯಾಗದ ಗುಂಪಿಗಿಂತ ಭಿನ್ನವಾಗಿದ್ದರೆ ಮಾತ್ರ ಅದು ದೀಪಕ್ಕೂ ಶಾಕ್‌ಗೂ ಇರುವ ಸಂಬಂಧವನ್ನು ಗುರುತಿಸಿದೆ ಎನ್ನಬಹುದು. ಜೊತೆಗಾರನಿಗಿಂತಲೂ ಭಿನ್ನವಾಗಿದ್ದರೆ ತನ್ನ ದಾಟುವಿಕೆಯಿಂದಲೇ ಶಾಕ್ ತಪ್ಪುತ್ತದೆ ಎಂಬುದನ್ನೂ ಕಲಿತಿದೆ ಎನ್ನಬಹುದು.

ಔಷಧ ಪರೀಕ್ಷಿಸುವವರು ಒಟ್ಟು ಈಜಿದ ದೂರವನ್ನು ಅಳೆಯಲೇಬೇಕು. ನಿದ್ದೆ ತರುವ ಔಷಧ ದಾಟುವುದನ್ನು ತಡಮಾಡಿಸಿ ನೆನಪು ಹೆಚ್ಚಿಸಿದಂತೆ ತೋರಬಹುದು. ಆತಂಕ ತಗ್ಗಿಸುವ ಔಷಧ ಸ್ತಬ್ಧತೆಯನ್ನು ಕಡಿಮೆ ಮಾಡಿ, ನಿಷ್ಕ್ರಿಯ ಪರೀಕ್ಷೆಯಲ್ಲಿ ನೆನಪು ಅಳಿಸಿದಂತೆಯೂ ಸಕ್ರಿಯ ಪರೀಕ್ಷೆಯಲ್ಲಿ ಕಲಿಕೆ ಹೆಚ್ಚಿಸಿದಂತೆಯೂ ತೋರಬಹುದು. ಎರಡು ಪರೀಕ್ಷೆಗಳೂ ಒಂದೇ ಕಡೆ ಬೆರಳು ತೋರಿದಾಗ ಮಾತ್ರ ನೆನಪಿನ ಬಗ್ಗೆ ಮಾತಾಡಿ.

ಹಂತ 8: ಅಂಕಿಗಳನ್ನು ಓದುವುದು

ಗರಿಷ್ಠ ಕಾಲ ಮುಟ್ಟಿದ ಮೀನಿನ ತಡ 180 ಸೆಕೆಂಡಲ್ಲ, 180ಕ್ಕಿಂತ ಹೆಚ್ಚು. ಆ ಅಂಕಿಗಳನ್ನು ಸರಾಸರಿಗೆ ಸೇರಿಸಬೇಡಿ. ಬದುಕುಳಿಯುವಿಕೆಯ ವಿಶ್ಲೇಷಣೆಗೆ, ಅಂದರೆ ಒಂದು ಘಟನೆ ನಡೆಯಲು ಹಿಡಿಯುವ ಸಮಯದ ಲೆಕ್ಕಕ್ಕೆ, ಬಳಸುವ ಕಪ್ಲಾನ್–ಮೇಯರ್ ರೇಖೆ ಮತ್ತು ಲಾಗ್‌ರ‍್ಯಾಂಕ್ ಪರೀಕ್ಷೆ ಇಲ್ಲಿಗೆ ಹೊಂದುತ್ತವೆ. ಲೆಕ್ಕದ ಘಟಕ ಮೀನು, ಸುತ್ತಲ್ಲ. ಹತ್ತು ಮೀನುಗಳ ತಲಾ ಮೂವತ್ತು ಸುತ್ತುಗಳು ಮುನ್ನೂರು ಸ್ವತಂತ್ರ ಅಳತೆಗಳಾಗುವುದಿಲ್ಲ. ಒಂದೇ ತೊಟ್ಟಿಯಲ್ಲಿ ಬೆಳೆದ ಮೀನುಗಳು ಒಂದನ್ನೊಂದು ಹೋಲುವುದರಿಂದ, ಒಂದು ತೊಟ್ಟಿಯ ಎಲ್ಲ ಮೀನುಗಳನ್ನೂ ಒಂದೇ ಗುಂಪಿಗೆ ಹಾಕದೆ ಹಂಚಿ.

ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಮೀನು ಒಂದು ಬದಿಗೆ ವಾಲಿದರೆ, ದೇಹ ಬಿಲ್ಲಿನಂತೆ ಬಾಗಿ ಸೆಟೆದುಕೊಂಡರೆ, ಕಿವಿರು ಮುಚ್ಚಳದ ಬಡಿತ ನಿಂತರೆ ಅಥವಾ ಬಿಡುವಿನಲ್ಲಿಯೂ ಏದುಸಿರಿನಂತೆ ವೇಗವಾಗಿಯೇ ಉಳಿದರೆ, ಮೇಲ್ಮೈಯಲ್ಲಿ ಬಾಯಿ ತೆರೆದು ಗಾಳಿ ಗುಟುಕರಿಸಿದರೆ, ಹುರುಪೆ ಕಿತ್ತ ಅಥವಾ ರಕ್ತ ಜಿನುಗಿದ ಗುರುತು ಕಂಡರೆ ಆ ಸುತ್ತನ್ನು ಪೂರ್ತಿಗೊಳಿಸಬೇಡಿ. ಸತತ ಐದು ಸುತ್ತುಗಳಲ್ಲಿ ಶಾಕ್ ಹರಿಯುತ್ತಿದ್ದರೂ ಪಾರಾಗಲು ಯತ್ನಿಸದ ಮೀನನ್ನು ಆ ದಿನದ ಮಟ್ಟಿಗೆ ಹೊರತೆಗೆಯಿರಿ. ಇನ್ನೂ ಕೊಟ್ಟ ಶಾಕ್ ಅದಕ್ಕೆ ಅಸಹಾಯಕತೆಯನ್ನಷ್ಟೇ ಕಲಿಸುತ್ತದೆ.

ಹೊರತೆಗೆದ ಮೀನನ್ನು ಗಾಳಿ ಆಡುವ, ಮಂದ ಬೆಳಕಿನ, ಅದೇ ಉಷ್ಣತೆಯ ನೀರಿನಲ್ಲಿ ಬಿಟ್ಟು ಪದೇ ಪದೇ ಗಮನಿಸಿ. ಚೇತರಿಸಿಕೊಳ್ಳದಿದ್ದರೆ ಸಮಿತಿ ಒಪ್ಪಿದ ವಿಧಾನದಲ್ಲಿ, ಕಾಯಿಸದೆ, ನೋವಿಲ್ಲದಂತೆ ಅದರ ಜೀವ ಮುಗಿಸುವುದು ನಿಮ್ಮ ಹೊಣೆ. ಒಂದೇ ದಿನ ಇಂಥ ಎರಡು ಮೀನುಗಳು ಕಂಡರೆ ಮೂರನೆಯದನ್ನು ತೊಟ್ಟಿಗೆ ಬಿಡದೆ ಹಂತ 3ಕ್ಕೆ ಹಿಂತಿರುಗಿ, ನೀರಿನ ವಾಹಕತೆಯಿಂದ ಮೊದಲುಗೊಂಡು ಎಲ್ಲವನ್ನೂ ಮತ್ತೆ ಅಳೆಯಿರಿ.